ಸರ್ಟಿಫಿಕೇಟಿನ ಪುರೋಹಿತ

ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದ್ದೇ ರುದ್ರಪ್ರಸಾದ ಮಾಡಿದ ತಪ್ಪು. ಚನ್ನಪಟ್ಟಣದ ತನ್ನ ಬೊಂಬೆ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಒಂದು ಮಧ್ಯಾಹ್ನ, ಹೊತ್ತು ಹೋಗದೆ ಫೋನಿನಲ್ಲಿ ಹೆಸರು, ಊರು ತುಂಬಿದ್ದ. ಅಮೆರಿಕದ ಯಾವುದೋ ಸಂಸ್ಥೆ 'ಇವರು ಮದುವೆ ಮಾಡಿಸಲು ಅರ್ಹರು' ಎಂದು ಬಂಗಾರದ ಬಣ್ಣದ ಮೊಹರು ಒತ್ತಿ ಹತ್ತೇ ನಿಮಿಷದಲ್ಲಿ ಕಳಿಸಿತ್ತು. ಮೂವತ್ತಾರಾದರೂ ಸ್ವಂತಕ್ಕೊಂದು ಮದುವೆಯಾಗದವನಿಗೆ ಊರವರ ಮದುವೆ ಮಾಡಿಸುವ ಅರ್ಹತೆ!

ಅದನ್ನು ದಿನಾ ನೋಡುತ್ತಿದ್ದವರು ಪಕ್ಕದ ಮನೆಯ ಗಿರಿಜಾಂಬ. ಇವತ್ತು ಮಾಗಡಿಯ ಛತ್ರದಲ್ಲಿ ಅವರ ಮಗಳು ನೇತ್ರಾಳ ಮದುವೆ. ರುದ್ರಪ್ರಸಾದನೂ ಇಸ್ತ್ರಿ ಅಂಗಿ ತೊಟ್ಟು ಬಂದಿದ್ದ. ಸಂಜೆ ಅಲ್ಲಿಂದಲೇ ಕೆಂಪಾಪುರಕ್ಕೆ ಹೆಣ್ಣು ನೋಡಲು ಹೋಗುವುದಿತ್ತು. ಶಾಂಭವಿಯ ಫೋಟೋ ನೋಡಿದಾಗಿನಿಂದ ಪಾಪ, ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಮುಹೂರ್ತಕ್ಕೆ ಅರ್ಧ ಗಂಟೆ ಇರುವಾಗ ಸುದ್ದಿ ಬಂತು. ಮದುವೆ ಮಾಡಿಸಬೇಕಿದ್ದ ಅಯ್ನೋರು ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಿದ್ದರು.

"ನಮ್ಮ ರುದ್ರನತ್ರ ಸರ್ಟಿಫಿಕೇಟ್ ಐತೆ!" ಎಂದರು ಗಿರಿಜಾಂಬ.

"ಅಯ್ಯೋ, ಅದು ತಮಾಷೆಗೆ ತಗೊಂಡಿದ್ದು ಕಣಕ್ಕ! ಕಾನೂನು ಒಪ್ಪಾಕಿಲ್ಲ. ಬೇಕಾರೆ ಲಾಯರಮ್ಮನ್ನೇ ಕೇಳಿ" ಎಂದು ಅವನು ಪರಿಚಯದ ವಕೀಲೆ ಲತಾಮಣಿಗೆ ಫೋನ್ ಮಾಡಿ ಸ್ಪೀಕರ್ ಒತ್ತಿದ.

"ಆ ಕಾಗದಕ್ಕೆ ಇಲ್ಲಿ ಮೂರು ಕಾಸಿನ ಬೆಲೆ ಇಲ್ಲ" ಎಂದರು ಲತಾಮಣಿ. ರುದ್ರಪ್ರಸಾದನ ಮುಖ ಅರಳಿತು. "ಆದ್ರೆ ನಮ್ಮಲ್ಲಿ ಮದ್ವೆ ಮಾಡ್ಸೋರಿಗೆ ಲೈಸೆನ್ಸ್ ಬೇಕು ಅಂತ ಕಾನೂನೂ ಇಲ್ಲ. ಪದ್ಧತಿ ಪ್ರಕಾರ ಶಾಸ್ತ್ರ ನಡೀಬೇಕು ಅಷ್ಟೇ. ಲಗ್ನಪತ್ರಿಕೆ, ಫೋಟೋ, ಸಾಕ್ಷಿ ಇದ್ರೆ ರಿಜಿಸ್ಟರ್ ಮಾಡಿಸ್ಬೋದು."

ಗಿರಿಜಾಂಬ ಆಗಲೇ ಅವನನ್ನು ಮಂಟಪಕ್ಕೆ ಎಳೆದೊಯ್ದಿದ್ದರು. ಅಷ್ಟರಲ್ಲಿ ಗಂಡಿನ ತಾಯಿ ಚಿಕ್ಕಲಕ್ಷ್ಮಮ್ಮ ಅಡ್ಡ ಬಂದರು.

"ಕಾನೂನು ಅತ್ಲಾಗಿರ್ಲಿ. ಮದ್ವೆ ಆಗ್ದೋರು ಮದ್ವೆ ಮಾಡ್ಸಿದ್ರೆ ಜೋಡಿಗೆ ಏಳ್ಗೆ ಇಲ್ಲ. ಈವಯ್ಯಂಗೆ ಮದ್ವೆ ಆಗೈತಾ?"

ಕಡೆಗೂ ಶಿವ ಕಣ್ಣುಬಿಟ್ಟನಪ್ಪ ಎಂದು ಅವನು ಬಾಯಿ ತೆರೆಯುವಷ್ಟರಲ್ಲಿ ಗಿರಿಜಾಂಬ ಅವನ ಕಾಲು ತುಳಿದರು. "ಆಗ್ದೇ ಏನು? ಹೆಂಡ್ತಿ, ಎರಡು ಮಕ್ಳು!" ಮಂಟಪದ ಮೈಕು ಅದನ್ನು ಇಡೀ ಛತ್ರಕ್ಕೆ ಸಾರಿತು.

ಅವನು ಅಲ್ಲಗಳೆಯಬೇಕೆಂದು ತಿರುಗಿದರೆ, ನೇತ್ರಾ ಕಣ್ಣಲ್ಲಿ ನೀರು ತುಂಬಿಕೊಂಡು ನೋಡುತ್ತಿದ್ದಳು. ಅಜ್ಜ ಕಲಿಸಿದ್ದ ನಾಲ್ಕೇ ಮಂತ್ರಗಳನ್ನು ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಹೇಳಿ, ತಾಳಿ ಕಟ್ಟಿಸಿಯೇಬಿಟ್ಟ.

ಸಂಜೆ ಹಣೆಯ ವಿಭೂತಿ ಒರೆಸಿಕೊಂಡು, ಹೂವು ಹಣ್ಣು ಹಿಡಿದು ಕೆಂಪಾಪುರದ ಮನೆಯ ಬಾಗಿಲು ತಟ್ಟಿದ. ಶಾಂಭವಿಯ ತಂದೆ ಪರಮಶಿವಯ್ಯ ಹೊಸ್ತಿಲಿಗೆ ಅಡ್ಡ ನಿಂತರು.

"ಬೆಳಿಗ್ಗೆ ಛತ್ರದಾಗೆ ನಾನೂ ಇದ್ದೆ, ಮುಂದಿನ ಸಾಲಲ್ಲೇ. ಎರಡು ಮಕ್ಳಿಟ್ಕೊಂಡು ನನ್ನ ಮಗಳ್ನ ನೋಡಕ್ಕೆ ಬಂದಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

"ಸುಳ್ಳು ಸಾರ್! ಗಿರಿಜಕ್ಕನ್ನೇ ಕೇಳಿ!" ಅಲ್ಲೇ ಫೋನ್ ಮಾಡಿ ಮತ್ತೆ ಸ್ಪೀಕರ್ ಒತ್ತಿದ. ಒಳಬಾಗಿಲಲ್ಲಿ ಶಾಂಭವಿ ಕಿವಿಗೊಟ್ಟು ನಿಂತಿದ್ದಳು. ಫೋಟೋಗಿಂತ ಚೆನ್ನಾಗಿದ್ದಳು. "ಅಕ್ಕ, ಒಸಿ ನಿಜ ಹೇಳಿ. ನಂಗೆ ಮಕ್ಳೆಷ್ಟು?"

ಗಿರಿಜಾಂಬ ಆ ಹೊತ್ತಿಗೆ ಬೀಗರ ಮನೆಯಲ್ಲಿ, ಚಿಕ್ಕಲಕ್ಷ್ಮಮ್ಮನವರ ಪಕ್ಕದಲ್ಲೇ ಕೂತಿದ್ದರು.

"ಎರಡು ಕಣಪ್ಪ" ಎಂದರು ಗಟ್ಟಿಯಾಗಿ. "ಮೂರನೇದು ಶ್ರಾವಣಕ್ಕೆ!"