ವಿಭೂತಿ ಹಚ್ಚಿಸಿಕೊಂಡ ಪಾಂಡಾಗಳು

ರಾಜ್ಯಗಳು ಅಳಿಯುತ್ತವೆ, ರಾಜರು ಅಳಿಯುತ್ತಾರೆ, ಅವರು ಟಂಕಿಸಿದ ನಾಣ್ಯ ಮಾತ್ರ ಉಳಿಯುತ್ತದೆ. ಉಳಿಯಬೇಕಾದರೆ ಅದು ಧಾರವಾಡದ ಕಡೆಯ ಡಾಕ್ಟರನೊಬ್ಬನ ಕೈಗೆ ಸಿಗಬಾರದು, ಅಷ್ಟೆ.

ನಾನು ಬರ್ಮಿಂಗ್‌ಹ್ಯಾಮಿನ ಆಸ್ಪತ್ರೆಯೊಂದರಲ್ಲಿ ಅರಿವಳಿಕೆ ಕೊಡುವವನು. ದಿನವೆಲ್ಲ ಜನರನ್ನು ಮಲಗಿಸಿ ಬಂದವನಿಗೆ ಕಣ್ಣರಳಿಸಿ ನೋಡುವಂಥದ್ದು ಏನಾದರೂ ಬೇಕಲ್ಲ? ಚೀನಾದ ಬೆಳ್ಳಿ ಪಾಂಡಾ ನಾಣ್ಯಗಳ ಬೆನ್ನು ಹತ್ತಿದೆ. ಅಲ್ಲಿಯವರು ವರ್ಷವರ್ಷವೂ ಪಾಂಡಾದ ಭಂಗಿ ಬದಲಿಸುತ್ತಾರೆ. ಒಮ್ಮೆ ಅದು ಬಿದಿರು ತಿನ್ನುತ್ತದೆ, ಒಮ್ಮೆ ಮರಿಯನ್ನು ಅಪ್ಪಿಕೊಳ್ಳುತ್ತದೆ, ಇನ್ನೊಮ್ಮೆ ಪಿಂಚಣಿ ಬಂದವರ ಹಾಗೆ ಸುಮ್ಮನೆ ಕೂರುತ್ತದೆ. ಪಾಳಿಯ ನಡುವೆ ಚಹಾ ಕುಡಿಯುತ್ತ ಫೋನಿನಲ್ಲಿ ಅವುಗಳ ಬೆಲೆ ನೋಡಿ ಹಿಗ್ಗುತ್ತಿದ್ದೆ. ಅಲ್ಲಿ ಕಾಣುವುದು ಮಾರುವವರು ಕೇಳುವ ಬೆಲೆ, ಕೊಳ್ಳುವವರು ಕೊಡುವ ಬೆಲೆಯಲ್ಲ ಎಂಬುದು ನನ್ನ ಗಮನಕ್ಕೆ ಬಂದಿರಲಿಲ್ಲ. ತೊಂದರೆಯೆಂದರೆ, ಅದೇ ಊರಿನ ಹಾರ್ಬೋರ್ನ್ ಬಡಾವಣೆಯ ನಮ್ಮ ಮನೆಯಲ್ಲಿ ಥಂಡಿ ತಾಗದ ಕಪಾಟು ಒಂದೇ ಒಂದು. ಅದರಲ್ಲಿ ಪಾಂಡಾಗಳಿದ್ದವು.

"ಏನ್ರೀ, ಈ ಕರಡಿ ಎಷ್ಟ ಬಾಳತಾವು?" ಎಂದಳು ನನ್ನ ಹೆಂಡತಿ ಗಿರಿಜಾ.

"ಬೆಲಿ ಏರಾಕತ್ತದ."

"ಏರಿದ್ದನ್ನ ಕಂಡವರು ಯಾರು? ಬಲ್ಲವರಿಗೆ ತೋರಸ್ರಿ. ಕೊಟ್ಟಿದ್ದಕ್ಕಿಂತ ಹೆಚ್ಚು ಅಂದ್ರ ಕಪಾಟು ನಿಮ್ದು. ಇಲ್ಲಾಂದ್ರ ನನ್ನ ಜ್ವಾಳದ ಹಿಟ್ಟಿಂದು. ಹೊರಗಿಟ್ಟರ ಗಂಟು ಕಟ್ಟತದ."

ಊರಿನಲ್ಲಿ ನಾಣ್ಯಗಳ ಸಂತೆಯಿತ್ತು. ಹಿಂದಿನ ದಿನ ತೆಗೆದು ನೋಡಿದರೆ ಒಂದು ಪಾಂಡಾದ ಕೆನ್ನೆಯ ಮೇಲೆ ಹಾಲು ಸಿಡಿದಂಥ ಬಿಳಿ ಚುಕ್ಕೆ. ಬೀಗರು ಬರುವ ದಿನ ನಮ್ಮವ್ವ ಬೆಳ್ಳಿ ತಂಬಿಗೆಯನ್ನು ವಿಭೂತಿ ಹಚ್ಚಿ ತಿಕ್ಕಿ ಬೆಳಗುತ್ತಿದ್ದಳು. ಅದಕ್ಕಿಂತ ಪ್ರಶಸ್ತವಾದ ವಿಧಾನ ನನಗೆ ಗೊತ್ತಿಲ್ಲ. ಬರಿಗೈಯಲ್ಲಿ ಮುಟ್ಟಬಾರದೆಂದು ಓದಿದ್ದೆನಾದ್ದರಿಂದ ಶಾಸ್ತ್ರೋಕ್ತವಾಗಿ ಕೈಗವಸು ಹಾಕಿಕೊಂಡು, ಪ್ಲಾಸ್ಟಿಕ್ ಡಬ್ಬಿಯಿಂದ ಅದನ್ನು ತೆಗೆದು, ವಿಭೂತಿಯಿಂದ ತಿಕ್ಕಿದೆ. ಫಳಫಳ ಹೊಳೆಯಿತು. ಒಂದಕ್ಕೆ ಮಾತ್ರ ಈ ಉಪಚಾರ ಮಾಡಿದರೆ ಉಳಿದವಕ್ಕೆ ಅನ್ಯಾಯವಾಗುತ್ತದೆಂದು ಎಲ್ಲವನ್ನೂ ತಿಕ್ಕಿದೆ.

ಸಂತೆಯಲ್ಲಿ ಚೀನೀ ನಾಣ್ಯಗಳನ್ನು ಬಲ್ಲ ವ್ಯಾಪಾರಿಯೊಬ್ಬರು ಭೂತಗನ್ನಡಿ ಹಿಡಿದು ಒಂದೊಂದನ್ನೇ ನೋಡಿದರು.

"ಬಹಳ ಹೊಳೆಯುತ್ತಿವೆ," ಎಂದರು ಇಂಗ್ಲಿಷಿನಲ್ಲಿ.

ಹೊಗಳಿಕೆಯೆಂದು ತಿಳಿದು ತಲೆಬಾಗಿದೆ. "ಒಂದಕ್ಕೆ ಬಿಳಿ ಚುಕ್ಕೆ ಬಿದ್ದಿತ್ತು. ಎಲ್ಲ ನನ್ನ ಕೈಯಾರೆ ತಿಕ್ಕಿದ್ದು."

"ಯಾವುದರಿಂದ?"

"ಪವಿತ್ರ ಭಸ್ಮದಿಂದ."

ಅವರು ಭೂತಗನ್ನಡಿ ಕೆಳಗಿಟ್ಟರು. ಆಪರೇಷನ್ ದಿನ ಬೆಳಿಗ್ಗೆ ಇಡ್ಲಿ ತಿಂದು ಬಂದ ರೋಗಿಯನ್ನು ನಾನು ನೋಡುವ ಹಾಗೆ ನನ್ನನ್ನು ನೋಡಿದರು.

"ಡಾಕ್ಟರೇ, ಚುಕ್ಕೆ ಇದ್ದಿದ್ದರೆ ಸ್ವಲ್ಪ ಬೆಲೆ ಕಡಿಮೆಯಾಗುತ್ತಿತ್ತು. ತಿಕ್ಕಿದ ನಾಣ್ಯವನ್ನು ಸಂಗ್ರಹಕಾರರು ಮುಟ್ಟುವುದೇ ಇಲ್ಲ. ಈಗ ಬೆಳ್ಳಿಯ ತೂಕಕ್ಕೆ ಎಷ್ಟೋ ಅಷ್ಟು."

"ಎಲ್ಲಕ್ಕೂ?"

"ಎಲ್ಲವನ್ನೂ ತಿಕ್ಕಿದ್ದೀರಲ್ಲ," ಎಂದರು, ಬಹಳ ಮೆತ್ತಗೆ.

ಮನೆಗೆ ಬಂದೆ. "ಏನಂದ್ರು?" ಎಂದಳು ಗಿರಿಜಾ.

"ಬಹಳ ಹೊಳಿತಾವ ಅಂದ್ರು."

"ಮತ್ತ ಬೆಲಿ?"

ಬೂಟಿನ ಲೇಸು ಬಿಚ್ಚಲು ಆ ದಿನ ನನಗೆ ವಿಪರೀತ ಹೊತ್ತು ಹಿಡಿಯಿತು. ಕೊನೆಗೆ ಹೇಳಲೇಬೇಕಾಯಿತು. ಅವಳು ನಗಲಿಲ್ಲ, ನಕ್ಕಿದ್ದರೆ ಚೆನ್ನಾಗಿತ್ತು.

"ಅಲ್ರೀ, ಮದುವಿ ಆದಾಗಿಂದ ಈ ಮನ್ಯಾಗ ಒಂದ ತಂಬಿಗಿ ತಿಕ್ಕಿದವರಲ್ಲ ನೀವು. ತಿಕ್ಕಾಕ ಇವಽ ಸಿಕ್ಕುವೇನ್ರಿ ನಿಮಗ?"

ಕಪಾಟಿನಲ್ಲಿ ಈಗ ಜೋಳದ ಹಿಟ್ಟಿದೆ.