ಮೂಲೆ ಇಲ್ಲದ ಜಾಗ

ಒಂದೇ ಒಂದು ಗಂಟೆ ಮುಂಚೆ ಮನೆಗೆ ಹೋಗಲು ಅಪ್ಪಣೆ ಕೇಳಿದ್ದೇ ಎಲ್ಲದಕ್ಕೂ ಮೂಲವಾಯಿತು. ಕೇಳದೇ ಇದ್ದಿದ್ದರೆ ಕನ್ನಡಿಯಣ್ಣ ಆ ಸಂಜೆ ಸಸ್ಯೋದ್ಯಾನದ ಸಲಕರಣೆ ಕೋಣೆಯಲ್ಲಿ ಉಳಿದವರ ಜೊತೆ ನಿಂತು ಚಹಾ ಕುಡಿಯುತ್ತ, ಹೊಸ ಸಾಹೇಬರ ಆಜ್ಞೆಯನ್ನು ಕಿವಿಯಾರೆ ಕೇಳುತ್ತಿದ್ದ. ಆ ಹೊತ್ತಿಗೆ ಅವನು ಬಸ್ ನಿಲ್ದಾಣದಲ್ಲಿ ಮಾವನ ಟ್ರಂಕು ಹೆಗಲಿಗೇರಿಸಿಕೊಂಡು ನಿಂತಿದ್ದ.

ಕನ್ನಡಿ ಎಂಬುದು ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಇನ್ನೂರು ವರ್ಷದಷ್ಟು ಹಳೆಯದಾದ ಆ ತೋಟವನ್ನು ಇಪ್ಪತ್ತೆರಡು ವರ್ಷದಿಂದ ಗುಡಿಸುತ್ತಿರುವವನು ಅವನು. "ನಾನು ಗುಡಿಸಿದ ದಾರೀಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿ ಹೇಳಿ ಆ ಹೆಸರನ್ನು ತಾನೇ ಮೈಮೇಲೆ ಎಳೆದುಕೊಂಡಿದ್ದ. ಹಾಗಂತ ಬೇಸರವೇನಿಲ್ಲ. ಯಾರಾದರೂ ಕನ್ನಡಿಯಣ್ಣ ಎಂದು ಕರೆದರೆ ಅವನ ಬೆನ್ನು ಒಂದಂಗುಲ ನೆಟ್ಟಗಾಗುತ್ತಿತ್ತು.

ಆ ಬೆನ್ನನ್ನು ಮತ್ತೆ ಬಗ್ಗಿಸಬಲ್ಲವರು ಜಗತ್ತಿನಲ್ಲಿ ಒಬ್ಬರೇ ಇದ್ದರು. ಅವರು ಮಾವ. ದೊಡ್ಡಾಸ್ಪತ್ರೆಯಲ್ಲಿ ಗುಡಿಸಿ ಒರೆಸುವವರ ಮೇಸ್ತ್ರಿಯಾಗಿ ಮೂವತ್ತೈದು ವರ್ಷ ದುಡಿದು ನಿವೃತ್ತರಾದವರು. ಮಗಳ ಮನೆಗೆ ಬಂದರೆ ಕುರ್ಚಿಯಲ್ಲಿ ಕೂರುವ ಮೊದಲು ಕಿಟಕಿಯ ಅಂಚಿನ ಮೇಲೆ ಬೆರಳೆಳೆದು, ಆ ಬೆರಳನ್ನು ಬೆಳಕಿಗೆ ಹಿಡಿದು ನೋಡುವರು. ಆಮೇಲೆ ಸಮಾಧಾನವಾಗಿ ಹೇಳುವರು: "ಅಳಿಯಂದಿರು ಚೆನ್ನಾಗೇ ಗುಡಿಸ್ತಾರೆ. ಮೂಲೆ ಮಾತ್ರ ಬಿಡ್ತಾರೆ."

ಮದುವೆಯಾಗಿ ಹತ್ತೊಂಬತ್ತು ವರ್ಷ. ಈ ಮಾತು ಹತ್ತೊಂಬತ್ತು ವರ್ಷದಿಂದಲೂ ಅವನ ಎದೆಯಲ್ಲಿ ಕಡ್ಡಿ ಸಿಕ್ಕಿಕೊಂಡ ಹಾಗೆ ಇತ್ತು. ಒಂದೇ ಒಂದು ಸಲ ಆ ಬಾಯಿಂದ 'ಭೇಷ್' ಅನ್ನಿಸಿಕೊಂಡು ಬಿಟ್ಟರೆ ಆಮೇಲೆ ಪೊರಕೆ ಕೆಳಗಿಟ್ಟರೂ ಚಿಂತೆಯಿಲ್ಲ ಎಂದು ಅವನು ಹೆಂಡತಿಯ ಹತ್ತಿರ ಹೇಳಿಕೊಂಡದ್ದುಂಟು.

ಈ ಸಲ ಮಾವ ಬಸ್ಸಿಂದ ಇಳಿದವರೇ, "ನಾಳೆ ನಿಮ್ಮ ತೋಟ ತೋರಿಸಿ ಅಳಿಯಂದಿರೇ. ನಿಮ್ಮ ಕೆಲಸ ಹೆಂಗಿದೆ ಅಂತ ಕಣ್ಣಾರೆ ನೋಡಿಬಿಡ್ತೀನಿ" ಎಂದರು.

ಕನ್ನಡಿಯಣ್ಣನಿಗೆ ತಟ್ಟನೆ ಅಜ್ಜಿಮರ ಹೊಳೆಯಿತು. ತೋಟದ ನಟ್ಟನಡುವೆ, ತೋಟದಷ್ಟೇ ವಯಸ್ಸಾದ ಮರ. ಪುಟ್ಟ ಬೀಸಣಿಗೆಯಂಥ ಎಲೆಗಳು. ಶರತ್ಕಾಲ ಬಂದರೆ ಅವೆಲ್ಲ ಹಳದಿಯಾಗಿ, ಒಂದೇ ರಾತ್ರಿಯಲ್ಲಿ ಅಷ್ಟನ್ನೂ ಸುರಿದು ಮರ ಕೈತೊಳೆದುಕೊಳ್ಳುತ್ತಿತ್ತು. ಅದರ ಬುಡದ ನೆಲಕ್ಕೆ ಹಿಂದಿನ ಕಾಲದವರು ಕಲ್ಲು ಹಾಸಿ ಮೊಣಕಾಲೆತ್ತರದ ಕಬ್ಬಿಣದ ಬೇಲಿ ಕಟ್ಟಿದ್ದರು. ಬೇಲಿ ದುಂಡಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಕನ್ನಡಿಯಣ್ಣನಿಗೆ ಅದು ಈವತ್ತು ಹೊಳೆದದ್ದೇ ಆಶ್ಚರ್ಯ. ದುಂಡಗಿನ ಜಾಗಕ್ಕೆ ಮೂಲೆ ಎಲ್ಲಿಂದ ಬರಬೇಕು?

"ನಾಳೆ ಮೂರು ಗಂಟೆಗೆ ಅಪ್ಪನ್ನ ಹಿಂದಿನ ಗೇಟಿಂದ ಕರ್ಕೊಂಡು ಬಾ. ಸೀದಾ ಅಜ್ಜಿಮರಕ್ಕೆ" ಎಂದು ಹೆಂಡತಿಗೆ ಹೇಳಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಾರದೆ ಎದುರುಮನೆಯ ದರ್ಜಿಗೂ ಅವನ ಹೆಂಡತಿಗೂ ಪಕ್ಕದ ಮನೆಯ ಡ್ರೈವರಿಗೂ ಹೇಳಿ, ಅವರನ್ನೂ ಬನ್ನಿ ಎಂದು ಕರೆದ.

ಬೆಳಗ್ಗೆ ಕೋಳಿಗಿಂತ ಮುಂಚೆ ಎದ್ದು ಹೋದ. ಸಲಕರಣೆ ಕೋಣೆಯ ಬಾಗಿಲು ತಳ್ಳಿದ. ಬಾಗಿಲು ಹೋಗಿ ಗೋಡೆಗೆ ಆತುಕೊಂಡಿತು. ಅದರ ಹಿಂಬದಿಗೆ ಅಂಟಿಸಿದ್ದ ಹೊಸ ಸುತ್ತೋಲೆಯೂ ಗೋಡೆಗೆ ಮುಖಮಾಡಿ ನಿಂತಿತು. ಹಿಡಿಗೆ ಕೆಂಪು ಬಟ್ಟೆ ಸುತ್ತಿದ ತನ್ನ ಪೊರಕೆ ತೆಗೆದುಕೊಂಡು ಅವನು ಹೊರಟ.

ಮರ ಆ ರಾತ್ರಿಯೇ ಎಲೆ ಸುರಿದಿತ್ತು. ಕಾಲಿಟ್ಟರೆ ಪಾದ ಮುಳುಗುವಷ್ಟು. ಮಾವನ ಅದೃಷ್ಟವೋ ತನ್ನದೋ ಎಂದುಕೊಂಡು ಕನ್ನಡಿಯಣ್ಣ ಬಗ್ಗಿದ. ಎಂಟು ಗಂಟೆಯ ಹೊತ್ತಿಗೆ ಮೂವತ್ತೊಂದು ಬುಟ್ಟಿ ಎಲೆ ಗೊಬ್ಬರದ ಗುಂಡಿ ಸೇರಿತ್ತು. ಕಲ್ಲುಹಾಸು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು. ಅವನು ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಬಗ್ಗಿ, ಬೆರಳೆಳೆದು, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ.

ಅಷ್ಟರಲ್ಲಿ ಹೆಡ್ ಮಾಲಿ ಬಂದರು. ಬಂದವರು ಮರ ನೋಡಿದರು, ನೆಲ ನೋಡಿದರು, ಪಕ್ಕದ ಬೆಂಚಿನ ಮೇಲೆ ಮೆಲ್ಲಗೆ ಕೂತರು.

"ಏನಪ್ಪಾ ಕನ್ನಡಿ, ಎಲೆ ಎಲ್ಲಿ?"

"ಒಂದೂ ಬಿಟ್ಟಿಲ್ಲ ಯಜಮಾನ್ರೇ" ಎಂದ ಕನ್ನಡಿಯಣ್ಣ, ಎದೆಯುಬ್ಬಿಸಿ.

"ಬಿಡಬೇಕಾಗಿದ್ದೇ ಅದು ಕಣಪ್ಪಾ. ಈ ವರ್ಷ ಅಜ್ಜಿಮರದ ಎಲೆ ಯಾರೂ ಮುಟ್ಟಬಾರದು ಅಂತ ಸಾಹೇಬ್ರು ನಿನ್ನೆ ಬಾಯಿ ಬಿಟ್ಟು ಹೇಳಿದ್ರು. ಬಾಗಿಲಿಗೂ ಅಂಟಿಸಿದ್ರು. ತೋಟದ ಚರಿತ್ರೆ ಬರೆದ ಪ್ರೊಫೆಸರಮ್ಮ ಆ ಎಲೆ ನೋಡೋಕೇ ಅಂತ ಮೂರು ಗಂಟೆಗೆ ಬರ್ತಿದ್ದಾರೆ."

ಕನ್ನಡಿಯಣ್ಣನ ಕೈಯಿಂದ ಪೊರಕೆ ಜಾರಿತು. ತಲೆಯೆತ್ತಿ ನೋಡಿದರೆ ಮರದಲ್ಲಿ ಒಂದೇ ಒಂದು ಎಲೆಯೂ ಉಳಿದಿರಲಿಲ್ಲ.

ಸುದ್ದಿ ಕೇಳಿ ಬಂದ ಸಾಹೇಬರು ಕೂಗಾಡುವ ಜಾತಿಯಲ್ಲ. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. "ಮೂರು ಗಂಟೆ ಒಳಗೆ ಎಲೆ ಹೆಂಗಿತ್ತೋ ಹಂಗೇ ಇರಬೇಕು. ಇಲ್ಲಾಂದ್ರೆ ನಾಳೆಯಿಂದ ನೀನು ಮನೆ ಮುಂದೆ ಗುಡಿಸ್ಕೊಂಡಿರು" ಎಂದಷ್ಟೇ ಹೇಳಿ ಹೋದರು.

ಗೊಬ್ಬರದ ಗುಂಡಿಗೆ ಓಡಿದರೆ ಅಲ್ಲಿ ನೀರು ಬಿಡುವವನು ತನ್ನ ಕೆಲಸ ಚಾಚೂ ತಪ್ಪದೆ ಮುಗಿಸಿದ್ದ. ಮೂವತ್ತೊಂದು ಬುಟ್ಟಿ ಎಲೆಯೂ ತೊಯ್ದು ತೊಪ್ಪೆಯಾಗಿತ್ತು. ಕನ್ನಡಿಯಣ್ಣ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಕೂತ್ರೆ ಒಣಗುತ್ತಾ? ಏಳು ಕನ್ನಡಿಯಣ್ಣ" ಎಂದಳು ಟಿಕೆಟಿನಕ್ಕ. ಟಿಕೆಟ್ ಕೊಡುವುದೊಂದನ್ನು ಬಿಟ್ಟು ಉಳಿದೆಲ್ಲ ವಿಷಯದಲ್ಲೂ ಅವಳಿಗೆ ಉತ್ಸಾಹ. "ಗಾಜಿನ ಮನೆ ಬೆಚ್ಚಗಿದೆ. ಅಲ್ಲಿ ಹರವಿದ್ರೆ ಮಧ್ಯಾಹ್ನದೊಳಗೆ ಗರಿಗರಿ ಆಗುತ್ತೆ."

ಗಾಜಿನ ಮನೆ ನೋಡಿಕೊಳ್ಳುವ ತಾತ ಬಾಗಿಲಿಗೆ ಅಡ್ಡ ನಿಂತ. "ಒದ್ದೆ ಎಲೆ ಒಳಗೆ ತಂದ್ರೆ ನನ್ನ ಗಿಡಗಳಿಗೆ ನೆಗಡಿ ಆಗುತ್ತೆ."

"ಗಿಡಕ್ಕೆ ನೆಗಡಿ ಆದ್ರೆ ಮೂಗು ನಾನು ಒರೆಸ್ತೀನಿ, ಪಕ್ಕಕ್ಕೆ ಸರಿ ತಾತ" ಎಂದು ಟಿಕೆಟಿನಕ್ಕ ಅವನನ್ನು ಬದಿಗೆ ಸರಿಸಿದಳು. ಹೂಕುಂಡಗಳ ನಡುವೆ, ಬೆಂಚುಗಳ ಮೇಲೆ, ಕೊನೆಗೆ ತಾತನ ಕುರ್ಚಿಯ ಮೇಲೂ ಎಲೆ ಹರವಿದರು. ತಾತ ಗೊಣಗುತ್ತಲೇ ಎಲ್ಲವನ್ನೂ ಒಂದೊಂದು ಸಲ ಮಗುಚಿ ಹಾಕಿದ.

ಗೇಟಿನ ಕಾವಲುಗಾರ ಬಂದು ಕಿವಿಯಲ್ಲಿ ಉಸುರಿದ. "ಇಷ್ಟೆಲ್ಲ ಯಾಕೆ ಒದ್ದಾಡ್ತೀಯ? ಕೆರೆ ಪಕ್ಕದ ಮರದ್ದು ಬೇಕಾದಷ್ಟು ಬಿದ್ದಿದೆ. ಅದನ್ನೇ ಸುರಿ. ಎಲೆ ಎಲೆಯೇ ತಾನೆ?"

ಕನ್ನಡಿಯಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದ. "ಅಜ್ಜಿಮರದ ಕೆಳಗೆ ಕಂಡವರ ಎಲೆ ಹಾಕ್ತೀನಾ? ಕೆಲಸ ಹೋದ್ರೂ ಹೋಗಲಿ, ಆ ಕೆಲಸ ಮಾಡಲ್ಲ." ತನ್ನ ಬಾಯಿಂದ ಹೊರಟ ಮಾತು ಕೇಳಿ ಅವನಿಗೇ ಹೆಮ್ಮೆಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು.

ಒಂದು ಗಂಟೆಗೆ ಹಾಸಲು ಕೂತ. ಎಲೆ ಎತ್ತಿ ಅಭ್ಯಾಸವೇ ಹೊರತು ಹಾಕಿ ಗೊತ್ತಿಲ್ಲದವನು. ಒಂದೊಂದನ್ನೂ ಒಂದೇ ದಿಕ್ಕಿಗೆ ಮುಖಮಾಡಿಸಿ ಸಾಲಾಗಿ ಜೋಡಿಸುತ್ತ ಹೋದ. ಹೆಡ್ ಮಾಲಿ ನೋಡಿ ತಲೆ ಚಚ್ಚಿಕೊಂಡರು.

"ಹೆಂಚು ಹೊದಿಸಿದಂಗಿದೆಯಲ್ಲೋ. ಮರ ಹಿಂಗೆ ಲೆಕ್ಕ ಹಾಕಿ ಉದುರಿಸುತ್ತಾ?"

"ಅಡ್ಡಾದಿಡ್ಡಿ ಹಾಕೋಕೆ ಕೈ ಬರ್ತಾ ಇಲ್ಲ ಯಜಮಾನ್ರೇ" ಎಂದ ಕನ್ನಡಿಯಣ್ಣ ಅಳುವ ದನಿಯಲ್ಲಿ.

ಕೊನೆಗೆ ಏಣಿ ತಂದರು. ಅವನು ಏಣಿಯ ತುದಿಯಲ್ಲಿ ನಿಂತು ಬೊಗಸೆ ಬೊಗಸೆ ಸುರಿಯುವುದು, ಕೆಳಗೆ ಟಿಕೆಟಿನಕ್ಕ ಟಿಕೆಟ್ ಪುಸ್ತಕದಿಂದ ಗಾಳಿ ಬೀಸುವುದು, ಹೆಡ್ ಮಾಲಿ ಏಣಿ ಹಿಡಿದುಕೊಂಡು "ಈ ಕಡೆ ತೆಳ್ಳಗಾಯ್ತು, ಆ ಕಡೆ ದಪ್ಪ ಆಯ್ತು" ಎನ್ನುವುದು. ಸಾಲಾಗಿ ಜೋಡಿಸಿದ್ದೂ ಸುರಿದದ್ದರ ಕೆಳಗೆ ಮುಚ್ಚಿಹೋಯಿತು. ಎರಡೂವರೆಗೆ ಮೂವತ್ತೊಂದನೆಯ ಬುಟ್ಟಿ ಖಾಲಿಯಾಯಿತು.

ಕನ್ನಡಿಯಣ್ಣ ಇಳಿದು ಬಂದು ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಬಿಸಿಲು ಬಿದ್ದು ನೆಲವೆಲ್ಲ ಬಂಗಾರದ ನೀರು ಚೆಲ್ಲಿದ ಹಾಗಿತ್ತು. ಇಪ್ಪತ್ತೆರಡು ವರ್ಷ ಇದನ್ನು ಕಸ ಎಂದು ಎತ್ತಿ ಹಾಕಿದ್ದೆನಲ್ಲ ಎನಿಸಿತು. ಮಾವ ಈಗ ಬರಲಿ, ಇದನ್ನೇ ತೋರಿಸಿ, ಇದೂ ನನ್ನ ಕೈಕೆಲಸವೇ ಎಂದು ಹೇಳುತ್ತೇನೆ ಎಂದುಕೊಂಡ.

ಸಾಹೇಬರೂ ಬಂದು ನೋಡಿದರು. ಬಯ್ಯಲಿಲ್ಲ, ಅವರ ಮಟ್ಟಿಗೆ ಅದೇ ಹೊಗಳಿಕೆ. "ಪ್ರೊಫೆಸರಮ್ಮನಿಗೆ ಎಂಬತ್ತೆರಡು ವರ್ಷ, ಗಾಲಿಕುರ್ಚಿ. ದಾರೀಲಿ ಕಲ್ಲು ಎಲ್ಲೆಲ್ಲಿದೆ ಅಂತ ನಿನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದ್ದಾರೆ? ನೀನೇ ತಳ್ಳು. ಮಿಕ್ಕವರೆಲ್ಲ ಮುಂದಿನ ಗೇಟಿನ ಹತ್ತಿರ ಸಾಲಾಗಿ ನಿಲ್ಲಿ" ಎಂದರು.

ಕನ್ನಡಿಯಣ್ಣ ಪೊರಕೆಯನ್ನು ಅಜ್ಜಿಮರಕ್ಕೆ ಒರಗಿಸಿಟ್ಟು, ಮುಖ ತೊಳೆದು, ಕೋಟಿನ ಗುಂಡಿ ಹಾಕಿಕೊಂಡು ಗೇಟಿಗೆ ಹೋದ. ಅವನ ಹಿಂದೆಯೇ ಹೆಡ್ ಮಾಲಿ, ಟಿಕೆಟಿನಕ್ಕ, ತಾತ, ಕಾವಲುಗಾರ, ನೀರು ಬಿಡುವವನು ಎಲ್ಲರೂ ಹೋದರು.

ಮೂರು ಗಂಟೆಗೆ ಬರಬೇಕಾದ ಕಾರು ನಾಲ್ಕಕ್ಕೆ ಬಂತು. ಪ್ರೊಫೆಸರಮ್ಮ ಹಕ್ಕಿಮರಿಯಷ್ಟು ಹಗುರ, ಆದರೆ ದನಿ ಗಟ್ಟಿ. ಕುರ್ಚಿ ತಳ್ಳುತ್ತಿದ್ದಂತೆ ಕನ್ನಡಿಯಣ್ಣನ ಜೊತೆಗೇ ಮಾತಾಡಿದರು. "ಒಂಬತ್ತು ವರ್ಷದವಳಿದ್ದಾಗ ಅಪ್ಪನ ಕೈ ಹಿಡ್ಕೊಂಡು ಬಂದಿದ್ದೆ ಕಣಪ್ಪ. ಬೂಟು ಕಾಣದಷ್ಟು ಎಲೆ. ಆಮೇಲೆ ಎಷ್ಟು ಸಲ ಬಂದ್ರೂ ಯಾರೋ ಪುಣ್ಯಾತ್ಮ ಗುಡಿಸಿಬಿಟ್ಟಿರ್ತಿದ್ದ. ನಾನೇ ನಿಮ್ಮ ಸಾಹೇಬರಿಗೆ ಕಾಗದ ಬರೆದೆ, ಈ ವರ್ಷವಾದ್ರೂ ಬಿಡಿ ಅಂತ."

ಪುಣ್ಯಾತ್ಮ ಕುರ್ಚಿಯನ್ನು ಇನ್ನಷ್ಟು ಹುಷಾರಾಗಿ ತಳ್ಳಿದ.

ತಿರುವು ದಾಟಿದರು. ಅಜ್ಜಿಮರ ಕಂಡಿತು. ಅದರ ಕೆಳಗೆ ಕಲ್ಲುಹಾಸು ತೊಳೆದಿಟ್ಟ ತಟ್ಟೆಯ ಹಾಗೆ ಫಳಫಳ ಅನ್ನುತ್ತಿತ್ತು.

ಬೇಲಿಯ ಒಳಗೆ ಮಾವ ಅಂಗಿಯ ತೋಳು ಮಡಚಿಕೊಂಡು, ಕೆಂಪು ಹಿಡಿಯ ಪೊರಕೆ ಊರಿಕೊಂಡು, ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ದರ್ಜಿಯೂ ಅವನ ಹೆಂಡತಿಯೂ ಕೊನೆಯ ಬುಟ್ಟಿಯನ್ನು ಎರಡು ಕಡೆ ಹಿಡಿದು ಎತ್ತುತ್ತಿದ್ದರು. ಡ್ರೈವರು ಬಗ್ಗಿ ಒದ್ದೆ ಬಟ್ಟೆಯಲ್ಲಿ ಬೇಲಿ ಒರೆಸುತ್ತಿದ್ದ. ನಾಲ್ಕು ಜನ ಕೈಗೆ ಸಿಕ್ಕಿದರೆ ಮಾವನಿಗೆ ಯಾವ ಜಾಗವೂ ಆಸ್ಪತ್ರೆಯ ವಾರ್ಡೇ.

"ನಾನು ಬೇಡ ಅಂದೆ ರೀ, ಅಪ್ಪ ಕೇಳಬೇಕಲ್ಲ" ಎಂದಳು ಹೆಂಡತಿ ಸಣ್ಣ ದನಿಯಲ್ಲಿ.

ಮಾವ ಅಳಿಯನ ಹತ್ತಿರ ಬಂದು ಗುಟ್ಟಾಗಿ ಹೇಳಿದರು. "ದೊಡ್ಡವರು ಬರ್ತಾರೆ ಅಂತ ಹಿಂದಿನ ಗೇಟಲ್ಲಿ ಕಡಲೆಕಾಯಿ ಮಾರೋನು ಹೇಳಿದ. ಇಲ್ಲಿ ನೋಡಿದ್ರೆ ರಾಶಿ ರಾಶಿ ಕಸ. ನಿಮಗೆ ಪುರುಸೊತ್ತು ಆಗಿಲ್ಲ ಪಾಪ ಅಂತ ಗೊತ್ತಾಯ್ತು. ಮನೆ ಅಳಿಯನ ಮಾನ ಅಂದ್ರೆ ನನ್ನ ಮಾನ ಅಲ್ವಾ? ಅದಕ್ಕೇ ಕೈ ಹಾಕಿದೆ."

ಹತ್ತೊಂಬತ್ತು ವರ್ಷದಲ್ಲಿ ಮಾವ ಆಡಿದ ಮೊದಲ ಪ್ರೀತಿಯ ಮಾತು ಅದು. ಕನ್ನಡಿಯಣ್ಣನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಯಾರು ಗುಡಿಸಿದ್ದು?" ಎಂದರು ಸಾಹೇಬರು, ಕನ್ನಡಕ ತೆಗೆಯುತ್ತ.

ಮಾವನ ಕಡೆ ಬೆರಳು ತೋರಿಸಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಆದರೆ ಈಗ ತಾನೇ ಮಾನ ಕಾಪಾಡಿದ ಮುದುಕರನ್ನು ಇಷ್ಟು ಜನರ ಮುಂದೆ ಹೇಗೆ ಬಿಟ್ಟುಕೊಡುವುದು? ಕನ್ನಡಿಯಣ್ಣ ಒಂದು ಹೆಜ್ಜೆ ಮುಂದೆ ಬಂದ.

"ನಾನೇ ಸಾಹೇಬ್ರೆ. ಎರಡನೇ ಸಲಾನೂ ನಾನೇ ಗುಡಿಸಿದ್ದು."

ಮಾವನ ಮುಖ ಕೆಂಪಾಯಿತು. "ಏನು ಮಾತು ಅಂತ ಆಡ್ತೀರಿ ಅಳಿಯಂದಿರೇ? ಒಂದು ಗಂಟೆ ಬೆನ್ನು ಬಗ್ಗಿಸಿದ್ದು ನಾನು. ಹೆಸರು ನಿಮಗಾ?" ಎಂದವರು ಸಾಹೇಬರ ಕಡೆ ತಿರುಗಿದರು. "ಬೆರಳೆಳೆದು ನೋಡಿ ಸಾರ್. ಇಂಥ ಕೆಲಸ ಇವರ ಕೈಲಿ ಆಗುತ್ತಾ? ಇವರು ಮೂಲೆ ಬಿಡ್ತಾರೆ."

ಗಾಲಿಕುರ್ಚಿಯಲ್ಲಿ ಪ್ರೊಫೆಸರಮ್ಮನ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆ ಎಂದುಕೊಂಡು ಎಲ್ಲರೂ ಓಡಿದರೆ, ಅವರು ಕೆಮ್ಮು ಬರುವಷ್ಟು ನಗುತ್ತಿದ್ದರು. "ಎಲೆ ಊರು ಬಿಟ್ಟು ಹೋಗಿಲ್ಲ ತಾನೆ? ತಂದು ಹಾಕಿ. ಎಪ್ಪತ್ಮೂರು ವರ್ಷ ಕಾದಿದ್ದೀನಿ, ಇನ್ನೊಂದು ಗಂಟೆ ಏನು ಮಹಾ" ಎಂದರು.

ಸಾಹೇಬರು ಕನ್ನಡಿಯಣ್ಣನ ಕಿವಿಯ ಹತ್ತಿರ ಬಗ್ಗಿದರು. "ನಾಳೆ ಬೆಳಗ್ಗೆ ನನ್ನ ಕೋಣೆಗೆ ಬಾ."

ವಿಷಯವೇನೆಂದು ಹೆಡ್ ಮಾಲಿ ಬಿಡಿಸಿ ಹೇಳಿದ ಮೇಲೆ ಮಾವ ಪೊರಕೆಯನ್ನು ಮರಕ್ಕೆ ಒರಗಿಸಿಟ್ಟರು. ಆಮೇಲೆ ಮಡಚಿದ ತೋಳನ್ನು ಇನ್ನೊಂದು ಮಡಿಕೆ ಮೇಲಕ್ಕೇರಿಸಿದರು. ಈ ಸಲ ಗುಂಡಿಗೆ ಯಾರೂ ನೀರು ಬಿಟ್ಟಿರಲಿಲ್ಲ. ದರ್ಜಿ, ಡ್ರೈವರು, ತಾತ, ಟಿಕೆಟಿನಕ್ಕ ಎಲ್ಲರೂ ಸೇರಿ ಬುಟ್ಟಿ ಹೊತ್ತರು. ಕನ್ನಡಿಯಣ್ಣ ಏಣಿ ಹತ್ತಿದ. ಕೈಗೆ ಈಗ ಅಡ್ಡಾದಿಡ್ಡಿ ಹಾಕುವುದು ರೂಢಿಯಾಗಿತ್ತು.

ಸಂಜೆಯ ಬಿಸಿಲಿನಲ್ಲಿ ಅವನೇ ಕುರ್ಚಿಯನ್ನು ಬೇಲಿಯ ಬಾಗಿಲಿಂದ ಒಳಗೆ ತಳ್ಳಿಕೊಂಡು ಹೋದ. ಪ್ರೊಫೆಸರಮ್ಮ ಎರಡೂ ಪಾದ ಕೆಳಗಿಟ್ಟರು. ಬೂಟು ಎಲೆಯಲ್ಲಿ ಮುಳುಗಿ ಕಾಣದಾಯಿತು. ಅವರು ಅವನ ಕೈ ಹಿಡಿದುಕೊಂಡು ತುಂಬ ಹೊತ್ತು ಕೂತರು. ಕನ್ನಡಿಯಣ್ಣನಿಗೆ ನಾಳೆಯ ಕೋಣೆ, ಸಾಹೇಬರ ಕನ್ನಡಕ, ಎಲ್ಲ ಮರೆತುಹೋಯಿತು. ಅವನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಮೆಲ್ಲಗೆ ತಿರುಗಿ ಮಾವನ ಮುಖ ನೋಡಿದ.

ಮಾವ ಬೇಲಿಯ ಸುತ್ತ ಕೈಕಟ್ಟಿಕೊಂಡು ನಡೆಯುತ್ತಿದ್ದರು. ಅರ್ಧ ಸುತ್ತು ಬಂದು ನಿಂತರು. ಬಗ್ಗಿ ನೋಡಿದರು. ಮರದ ಎರಡು ಬೇರುಗಳು ಕೂಡುವ ಸಂದಿನಲ್ಲಿ ಅಂಗೈಯಗಲದಷ್ಟು ಕಲ್ಲು ಬರಿದಾಗಿ ಕಾಣುತ್ತಿತ್ತು. ಬುಟ್ಟಿಗಳೆಲ್ಲ ಖಾಲಿಯಾಗಿದ್ದವು.

"ಚೆನ್ನಾಗೇ ಹಾಕಿದ್ದೀರಿ ಅಳಿಯಂದಿರೇ" ಎಂದರು ಮಾವ. "ಮೂಲೆ ಮಾತ್ರ ಬಿಟ್ರಿ."