ಸರ್ವೇಯರು ಡಿಸ್ಕ್ ಅಳೆದದ್ದು

"ಈ ಕಂಪ್ಯೂಟರನ್ನ ಇನ್ನೊಬ್ಬರ ಕೈಗೆ ಕೊಡೋ ಪ್ರಶ್ನೆಯೇ ಇಲ್ಲ! ನಾನೇ ಅಳೆದೆ, ನಾನೇ ಪಾಲು ಮಾಡಿದೆ. ಇನ್ಮುಂದೆ ಇದರ ಯೋಗಕ್ಷೇಮವೂ ನಂದೇ!"

ರಜೆಯ ದಿನ ಬೆಳಗ್ಗೆ ಚಹಾ ಲೋಟ ಕೆಳಗಿಡುತ್ತಾ ನಮ್ಮ ಸರ್ವೇಯರು ಹೀಗೆಂದು ಘೋಷಿಸಿದರು. ಜಮೀನು ಅಳೆದೂ ಅಳೆದೂ ತಲೆ ನರೆಸಿಕೊಂಡ ಮನುಷ್ಯ. ಅಣ್ಣತಮ್ಮಂದಿರು ದೊಣ್ಣೆ ಹಿಡಿದು ನಿಂತ ಕಡೆಯಲ್ಲೆಲ್ಲ ಬರೀ ಟೇಪು ಹಿಡಿದು ನಿಂತು ಇಬ್ಬರ ಬಾಯಿಯನ್ನೂ ಮುಚ್ಚಿಸಿದ ಧೀರ! ಅಂಥವರಿಗೆ ಅಂಗೈಯಗಲದ ಹಾರ್ಡ್ ಡಿಸ್ಕ್ ಯಾವ ಲೆಕ್ಕ?

ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಹೆಂಡತಿ ಅದರಲ್ಲಿ ಮದುವೆಯ ಫೋಟೋಗಳನ್ನು ಜೋಡಿಸಿ ಆಲ್ಬಂ ಮಾಡುತ್ತಾಳೆ. ಅವಳ ಆಪರೇಟಿಂಗ್ ಸಿಸ್ಟಂನಲ್ಲಿ ಇವರ ನಕ್ಷೆಯ ಪ್ರೋಗ್ರಾಂ ಕುಂಟುತ್ತದೆ. ಇವರಿಗೆ ಬೇಕಾದ ಸಿಸ್ಟಂನಲ್ಲಿ ಅವಳ ಆಲ್ಬಂ ಪ್ರೋಗ್ರಾಂ ಕಣ್ಣೇ ಬಿಡುವುದಿಲ್ಲ. ಹಾಗಾಗಿ ಹೋದ ವಾರ ಸರ್ವೇಯರು ಡಿಸ್ಕನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದರಲ್ಲಿ ಅವಳ ಸಿಸ್ಟಂ ಉಳಿಸಿ, ಇನ್ನೊಂದರಲ್ಲಿ ತಮ್ಮದನ್ನು ಕೂರಿಸಿದ್ದರು. ಸ್ವಿಚ್ ಒತ್ತಿದರೆ ಯಾವ ಸಿಸ್ಟಂ ಬೇಕು ಎಂದು ಅದೇ ಕೇಳುತ್ತಿತ್ತು. ಎಲ್ಲ ಸುಸೂತ್ರವಾಗಿತ್ತು. ಅಷ್ಟಕ್ಕೆ ಕೈ ತೊಳೆದುಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ರೀ, ಆಲ್ಬಂ ಮುಗಿದಿದೆ," ಎಂದಳು ಹೆಂಡತಿ. "ಸಂಜೆ ಮದುಮಗಳ ಅಮ್ಮ ಬಂದು ತಗೊಂಡು ಹೋಗ್ತಾರೆ. ಇಷ್ಟು ವರ್ಷ ಸ್ಟುಡಿಯೋದವರ ಹೆಸರಲ್ಲಿ ದುಡಿದೆ. ಇದು ನನ್ನ ಹೆಸರಲ್ಲಿ ಮಾಡಿದ ಮೊದಲ ಕೆಲಸ. ದಮ್ಮಯ್ಯ, ಇವತ್ತೊಂದು ದಿನ ಅದನ್ನ ಮುಟ್ಟಬೇಡಿ."

"ಮುಟ್ಟಲ್ಲ ಕಣೇ. ಸುಮ್ನೆ ನೋಡ್ತೀನಿ."

ನೋಡಿದರು. ಪರದೆಯ ಮೇಲೆ ಡಿಸ್ಕಿನ ನಕ್ಷೆ ಬಿಡಿಸಿಕೊಂಡು ತಮ್ಮ ಕೈಚಳಕಕ್ಕೆ ತಾವೇ ತಲೆದೂಗಿದರು. ಇತ್ತ ಹೆಂಡತಿಯ ಪಾಲು, ಅತ್ತ ತಮ್ಮ ಪಾಲು, ನಡುವೆ ನೇರ ಗೆರೆ. ಆಹಾ! ಅಷ್ಟರಲ್ಲಿ ಮೂಲೆಯಲ್ಲೊಂದು ಸಣ್ಣ ಪಟ್ಟಿ ಕಣ್ಣಿಗೆ ಬಿತ್ತು. ದಾರದಷ್ಟು ಅಗಲ. ಇಬ್ಬರಿಗೂ ಸೇರಿದ್ದಲ್ಲ. ಸರ್ವೇಯರ ರಕ್ತ ಕುದಿಯಿತು. ತಮ್ಮ ಅಳತೆಯಲ್ಲಿ ಒಡೆಯನಿಲ್ಲದ ತುಂಡೇ! ಯಾರಾದರೂ ನೋಡಿದರೆ ಏನಂದುಕೊಂಡಾರು?

"ಲೇ, ಇಲ್ಲೊಂಚೂರು ಜಾಗ ದಂಡವಾಗಿ ಬಿದ್ದಿದೆ. ತೆಗೆದು ನಿನ್ನ ಪಾಲಿಗೇ ಸೇರಿಸಿಬಿಡ್ತೀನಿ!" ಎಂದು ಉದಾರವಾಗಿ ಕೂಗಿ ಹೇಳಿದರು.

ಅವಳು ಅಡುಗೆಮನೆಯಿಂದ "ಬೇಡಾ!" ಎನ್ನುವುದಕ್ಕೂ ಇವರು ಪಟ್ಟಿಯನ್ನು ಅಳಿಸಿ ರೀಸ್ಟಾರ್ಟ್ ಒತ್ತುವುದಕ್ಕೂ ಸರಿಹೋಯಿತು.

ಪರದೆ ಕಪ್ಪಾಯಿತು. ಯಾವ ಸಿಸ್ಟಂ ಬೇಕು ಎಂದು ಕೇಳಬೇಕಾದದ್ದು ಕೇಳಲಿಲ್ಲ. ಬೂಟ್ ಮಾಡಲು ಏನೂ ಸಿಗಲಿಲ್ಲ ಎಂದು ಒಂದು ಸಾಲು ಬರೆದು ಕೈಚೆಲ್ಲಿ ಕೂತಿತು. ಏನೂ ಸಿಗಲಿಲ್ಲವಂತೆ! ಹೊಟ್ಟೆ ತುಂಬ ಎರಡೆರಡು ಸಿಸ್ಟಂ ಇಟ್ಟುಕೊಂಡು ಇದಕ್ಕೆ ಏನೂ ಸಿಗಲಿಲ್ಲವಂತೆ!

ಆಮೇಲಿನದು ಮಹಾಯುದ್ಧ. ಸರ್ವೇಯರು ಆರಿಸಿ ಹಾಕಿದರು. ಹಾಕಿ ಆರಿಸಿದರು. ವೈರು ಕಿತ್ತು ಬೇರೆ ಪ್ಲಗ್ಗಿಗೆ ಚುಚ್ಚಿದರು. ಡಬ್ಬದ ಮುಚ್ಚಳ ಬಿಚ್ಚಿ ಧೂಳು ಊದಿದರು. ಧೂಳು ಅವರದೇ ಕಣ್ಣಿಗೆ ಬಿತ್ತು. ಒಂದೇ ಕಣ್ಣಲ್ಲಿ ನೋಡುತ್ತಾ ಯಾವುದೋ ಬಟನ್ ಒತ್ತಿದಾಗ ನೀಲಿ ಪುಟವೊಂದು ಬಂತು. ಅದರಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಹಿಂದುಮುಂದು ಮಾಡಿದರು. ಈಗ ಕಂಪ್ಯೂಟರ್ ಕಪ್ಪು ಪರದೆಯ ಜೊತೆಗೆ ಕೀಂ ಎಂದು ಕಿರುಚಲೂ ಕಲಿಯಿತು.

"ಏನದು ಸದ್ದು?"

"ಏನಿಲ್ಲ. ಒಳ್ಳೇ ಲಕ್ಷಣ. ಜೀವ ಇದೆ ಅಂತ ಅರ್ಥ."

"ನನ್ನ ಆಲ್ಬಂ?"

"ಅದು ಭದ್ರವಾಗಿದೆ."

"ತೋರಿಸಿ."

"ಇದೇನೇ ನೀನು, ಎಲ್ಲಾದಕ್ಕೂ ಅವಸರ ಮಾಡ್ತೀಯ!"

ಮೊಬೈಲಿನಲ್ಲಿ ಸಲಹೆ ಹುಡುಕಿದರು. ಒಬ್ಬ ಹೀಗೆ ಮಾಡಿ ಎಂದಿದ್ದ. ಹಾಗೆ ಮಾಡಿದರೆ ನಿಮ್ಮನ್ನು ದೇವರೇ ಕಾಪಾಡಬೇಕು ಎಂದು ಅದರ ಕೆಳಗೇ ಇನ್ನೊಬ್ಬ ಬರೆದಿದ್ದ. ಅದರ ಕೆಳಗೆ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡಿದ್ದರು. ಮಧ್ಯಾಹ್ನದ ಊಟ ತಟ್ಟೆಯಲ್ಲೇ ಆರಿ ಹೋಯಿತು. ಸರ್ವೇಯರ ಅಂಗಿ ಬೆನ್ನಿಗೆ ಅಂಟಿತ್ತು. ನಿಜ ಹೇಳಬೇಕೆಂದರೆ ಅವರಿಗೆ ಭಯವಾಗಿತ್ತು. ಹೆಂಡತಿ ಬೈಯುವುದನ್ನೂ ನಿಲ್ಲಿಸಿಬಿಟ್ಟಿದ್ದಳು, ಅದಕ್ಕೆ.

ಅವಳು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ಕಣ್ಣು ಕೆಂಪಾಗಿತ್ತು.

"ಅಲ್ಲಾ ರೀ, ನನ್ನ ಪಾಲು ಹಾಗೇ ಇದೆ ಅಂತೀರಿ. ನಿಮ್ಮದೂ ಇದೆ ಅಂತೀರಿ. ಎರಡೂ ಇದ್ದ ಮೇಲೆ ಇದಕ್ಕೆ ಒಳಗೆ ಹೋಗೋಕೆ ಏನು ರೋಗ?"

"ಅದೇ ಕಣೇ ನಂಗೂ... ಒಳಗೆ ಹೋಗೋಕೆ..."

ಸರ್ವೇಯರ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಯಾಕ್ರೀ, ಏನಾಯ್ತು?"

"ಬೆಳಗ್ಗೆ ಒಂದು ಪಟ್ಟಿ ತೆಗೆದೆನಲ್ಲ..."

"ಹೂಂ, ದಂಡವಾಗಿ ಬಿದ್ದಿತ್ತಲ್ಲ, ಅದು?"

"ಅದು ದಾರಿ ಇರಬೇಕು ಕಣೇ."

ಮೊಬೈಲಿನಲ್ಲಿ ಹುಡುಕಿ ನೋಡಿದರೆ ಅದೇ ಹೌದು. ಸ್ವಿಚ್ ಒತ್ತಿದ ಕೂಡಲೇ ಕಂಪ್ಯೂಟರ್ ಮೊದಲು ಕಾಲಿಡುವುದೇ ಆ ಪಟ್ಟಿಗೆ. ಎರಡೂ ಸಿಸ್ಟಂಗಳಿಗೆ ಹೋಗುವುದು ಅಲ್ಲಿಂದಲೇ. ದಾರಿ ಬಿಡದೆ ಮಾಡಿದ ಪಾಲು ಪಾಲೇ ಅಲ್ಲ ಎಂದು ಕಂಡಕಂಡವರಿಗೆಲ್ಲ ಬೋಧಿಸಿದ ಮಹಾನುಭಾವರು ಸ್ವಂತ ಮನೆಯಲ್ಲಿ ದಾರಿಯನ್ನೇ ನುಂಗಿ ಕೂತಿದ್ದರು.

"ಬೇರೆಯವರು ದಾರಿ ಮುಚ್ಚಿದ್ರೆ ನೀವೇನು ಮಾಡ್ತೀರಿ?" ಹೆಂಡತಿ ನಿಧಾನವಾಗಿ ಕೇಳಿದಳು.

"ನೋಟಿಸ್ ಕೊಡ್ತೀನಿ."

"ಈಗ ಯಾರಿಗೆ ಕೊಡ್ತೀರಿ?"

ಸರ್ವೇಯರು ಎದ್ದರು. ತಮ್ಮ ಸಿಸ್ಟಂ ಹಾಕಲು ಬಳಸಿದ್ದ ಪೆನ್ ಡ್ರೈವನ್ನು ಟೇಪಿನ ಚೀಲದಿಂದ ಹುಡುಕಿ ತೆಗೆದರು. ಅದನ್ನು ಚುಚ್ಚಿದರೆ ಡಿಸ್ಕಿನ ಗೊಡವೆಯಿಲ್ಲದೆ ಅದರಿಂದಲೇ ಕಂಪ್ಯೂಟರ್ ಶುರುವಾಗುತ್ತದೆ. ಶುರುವಾಯಿತು! ಅಲ್ಲಿಂದ ಹೆಂಡತಿಯ ಪಾಲಿನೊಳಗೆ ಇಣುಕಿದರೆ, ಅವಳು ಮುಗಿಸಿ ಬಿಡಿ ಚಿತ್ರಗಳಾಗಿ ಉಳಿಸಿಟ್ಟಿದ್ದ ಆಲ್ಬಂ ಒಂದು ಪುಟವೂ ಕೆಡದೆ ಹಾಯಾಗಿ ಮಲಗಿತ್ತು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ಬೆನ್ನಿಗೊಂದು ಗುದ್ದು ಕೊಟ್ಟು, ಇನ್ನೊಂದು ಪೆನ್ ಡ್ರೈವಿಗೆ ಎಲ್ಲವನ್ನೂ ತುಂಬಿಸಿಕೊಂಡಳು. ಅದು ತುಂಬಿ ಮುಗಿಯುವಾಗ ಬಾಗಿಲ ಗಂಟೆ ಬಾರಿಸಿತು.

ಮದುಮಗಳ ತಾಯಿ ಪುಟ ಪುಟವನ್ನೂ ಪರದೆಯ ಮೇಲೆ ನೋಡಿ, "ಎಷ್ಟು ಚೆನ್ನಾಗಿ ಮಾಡಿದ್ದೀರಮ್ಮಾ! ನಮ್ಮ ಬೀಗರಿಗೂ ನಿಮ್ಮ ಹೆಸರೇ ಹೇಳ್ತೀನಿ," ಎಂದರು. ಹೆಂಡತಿಯ ಮುಖ ಅರಳಿತು. ಅದನ್ನು ಕಂಡು ಸರ್ವೇಯರಿಗೂ ಹೋದ ಉಸಿರು ಮರಳಿ ಬಂತು. ಉಸಿರಿನ ಹಿಂದೆಯೇ ಹಮ್ಮೂ ಬಂತು.

"ಇವತ್ತು ಸ್ವಲ್ಪ ತೊಂದರೆ ಆಗಿತ್ತು ನೋಡಿ. ನಾನು ಮನೇಲಿದ್ದೆ, ಬಚಾವಾಯ್ತು," ಎಂದು ಅಂಗಿಯ ಕಾಲರ್ ಸರಿಮಾಡಿಕೊಂಡರು. "ನಾನು ಸರ್ವೇಯರು. ಯಾವುದೇ ಪಾಲಿನ ತಂಟೆ ಇರಲಿ, ನನ್ನ ಮುಂದೆ ನಿಲ್ಲಲ್ಲ!"

"ಹೌದಾ? ಒಳ್ಳೇದಾಯ್ತು!" ಎಂದರು ಆಕೆ. "ನಮ್ಮದೊಂದು ಸೈಟಿದೆ. ಹೆಣ್ಣುಮಕ್ಕಳಿಬ್ಬರಿಗೂ ಪಾಲು ಮಾಡಿ ಕೊಡಬೇಕು. ನೀವೇ ಬಂದು ಅಳೆದುಕೊಡಿ."

ಸರ್ವೇಯರು ಎದೆಯುಬ್ಬಿಸಿ ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ನಗುನಗುತ್ತಾ ಪೆನ್ ಡ್ರೈವನ್ನು ಆಕೆಯ ಕೈಗಿಟ್ಟಳು.

"ಧಾರಾಳವಾಗಿ ಕರಕೊಂಡು ಹೋಗಿ ಅಮ್ಮಾ. ಪಾಲಿನಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಆಗಲ್ಲ. ಆದ್ರೆ ಇಬ್ಬರು ಮಕ್ಕಳಿಗೂ ಗೋಡೆ ಹಾರೋದನ್ನ ಮಾತ್ರ ಈಗಿನಿಂದಲೇ ಕಲಿಸಿಬಿಡಿ!"